ನೀಲಗಂಗಮ್ಮನ ಎದೆಯ ನೆರಳು

ಸಂಬಳ ಕೊಡುವವರು ಜಂಬಪ್ಪನ ಅಂಗಾಂಗಗಳನ್ನು ಪರೀಕ್ಷಿಸಿ ತೀರ್ಪು ಕೊಟ್ಟಿದ್ದು ಎರಡು ಸಲ. ಕಂಪ್ಲಿಯ ಜವಳಿ ಅಂಗಡಿಯವರು “ಬಾಯಿ ಜೋರೈತಿ” ಎಂದು ಹದಿನೇಳನೆಯ ದಿನವೇ ಬಿಡಿಸಿದರು. ಸಂಡೂರಿನ ಒಂದು ಗಣಿ ಕಚೇರಿಯವರು “ಕೈ ನಿಧಾನ” ಎಂದು ಎರಡನೆಯ ತಿಂಗಳಿಗೆ ಬಿಡಿಸಿದರು. ಎರಡೂ ನಿಜವೆಂದು ಅವನೇ ಒಪ್ಪುತ್ತಿದ್ದ. ಬಾಯಿ ನಿಧಾನವಾಗಿ ಕೈ ಜೋರಾಗಿದ್ದರೆ ಇಷ್ಟೊತ್ತಿಗೆ ತಾನು ತಹಶೀಲ್ದಾರನಾಗಿರುತ್ತಿದ್ದೆ ಎಂದು ಗೆಳೆಯರ ಮುಂದೆ ಹೇಳಿ, ಅವರಿಗಿಂತ ಮೊದಲು ತಾನೇ ನಗುತ್ತಿದ್ದ.

ಮೂರನೆಯ ಕೆಲಸ ಸಿಕ್ಕಿದ್ದು ೧೯೩೮ರಲ್ಲಿ, ಹೊಸಪೇಟೆಯಲ್ಲಿ. ಆಗ ಅವನಿಗೆ ಇಪ್ಪತ್ತಮೂರು. ಅಕ್ಕಿ ಗಿರಣಿಯ ಜಡೆಪ್ಪನವರು ಗಿರಣಿಯ ಮಗ್ಗುಲಲ್ಲೇ ಒಂದು ಧರ್ಮಾಸ್ಪತ್ರೆ ಕಟ್ಟಿಸಿದ್ದರು. ಮದ್ರಾಸಿನಿಂದ ಹಳೆಯದೊಂದು ಎಕ್ಸ್‌ರೇ ಮಿಷಿನ್ನು ತರಿಸಿದ್ದರು. ಅದಕ್ಕೆ ಕರೆಂಟು ಗಿರಣಿಯ ಇಂಜಿನ್ನಿನಿಂದಲೇ ಬರಬೇಕು. ಭತ್ತ ಬಡಿಯುವಾಗ ಕರೆಂಟು ಕುಣಿಯುತ್ತಿತ್ತು, ಚಿತ್ರ ಮಸುಕಾಗುತ್ತಿತ್ತು. ಆದ್ದರಿಂದ ಎದೆಯ ಚಿತ್ರ ತೆಗೆಯುವ ಮುಂಚೆ ಜಂಬಪ್ಪ ಕಿಟಕಿಯಲ್ಲಿ ನಿಂತು ಕೆಂಪು ವಸ್ತ್ರ ಬೀಸುವನು. ಆಚೆ ಇಂಜಿನ್ನಿನ ಗಾಳೆಪ್ಪ ಭತ್ತ ಸುರಿಯುವುದನ್ನು ನಿಲ್ಲಿಸಿ, “ಹೂಂ, ತಗೀ ನಿನ್ನ ಎಲುಬಿನ ಫೋಟೋ!” ಎಂದು ಕೂಗುವನು. ಊರಿನ ಅರ್ಧ ಅಕ್ಕಿ ತನ್ನ ವಸ್ತ್ರ ಬೀಸಿದಾಗ ನಿಲ್ಲುತ್ತದೆ ಎಂಬ ಜಂಬ ಜಂಬಪ್ಪನಿಗೆ ಇತ್ತು. ಚಿತ್ರ ತೆಗೆಯುವುದು, ಕತ್ತಲ ಕೋಣೆಯಲ್ಲಿ ಫಿಲ್ಮು ತೊಳೆಯುವುದು, ಬಿಡುವಿದ್ದಾಗ ಡಾಕ್ಟರ ಕಾಗದ ಟೈಪು ಮಾಡುವುದು, ಇಷ್ಟು ಅವನ ಕೆಲಸ.

ಡಾಕ್ಟರು ತಂಜಾವೂರಿನ ಕಡೆಯವರು. ಊರಿನವರ ಬಾಯಿಗೆ ಅವರ ಹೆಸರು ಹೊಂದದೆ ಬರೀ ‘ತಂಜಾವೂರು ಡಾಕ್ಟ್ರು’ ಆಗಿದ್ದರು. ಬಾಯಿ ಜೋರಿನ ವಿಷಯವೂ ಕೈ ನಿಧಾನದ ವಿಷಯವೂ ಅವರ ಕಿವಿಗೆ ಬಿದ್ದಿದ್ದವು. “ಕತ್ತಲ ಕೋಣೆಯಲ್ಲಿ ಮಾತಾಡಲು ಯಾರೂ ಇರುವುದಿಲ್ಲ. ಫಿಲ್ಮಿಗೆ ಅವಸರವೂ ಆಗುವುದಿಲ್ಲ. ಬಾ,” ಎಂದು ಸೇರಿಸಿಕೊಂಡಿದ್ದರು. ಬೈಗುಳದಂತಿದ್ದ ಆ ಮಾತನ್ನು ಜಂಬಪ್ಪ ಉಪಕಾರವೆಂದೇ ಎದೆಯಲ್ಲಿಟ್ಟುಕೊಂಡಿದ್ದ.

ಆ ವರ್ಷ ಸುಗ್ಗಿಯ ಹೊತ್ತಿಗೆ ಪಾಪಿನಾಯಕನಹಳ್ಳಿಯಿಂದ ನೀಲಗಂಗಮ್ಮ ಬಂದಳು. ನಲವತ್ತೆಂಟರ ಹೆಂಗಸು, ತೆಳ್ಳಗಿನ ಮೈ, ದೊಡ್ಡ ಕಣ್ಣು. ಆರು ವಾರದಿಂದ ಜ್ವರ, ಕೆಮ್ಮು. ಗಂಡ ಮರುಳಸಿದ್ದಪ್ಪ ಬಂಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಬಂದಿದ್ದ. ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿದರು. ಬಲಗಡೆ ಕೆಳಗೆ ಏನೋ ಸರಿಯಿಲ್ಲ ಎಂದರು. ಎಕ್ಸ್‌ರೇ ಬರೆದರು.

ಎದೆಯ ಚಿತ್ರಕ್ಕೆ ಬಂದವರು ಕೊರಳಿನದೆಲ್ಲ ತೆಗೆದಿಡಬೇಕು. ನೀಲಗಂಗಮ್ಮ ತಾಳಿ, ಸರ ಬಿಚ್ಚಿ ಆಯಾ ಹೊನ್ನೂರಮ್ಮನ ಕೈಗೆ ಕೊಟ್ಟಳು. ಹೊನ್ನೂರಮ್ಮ ಅವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಹೊರಗೆ ಹೋದಳು. ಕೊನೆಗೆ ಉಳಿದದ್ದು ಶಿವದಾರದಲ್ಲಿ ಕಟ್ಟಿದ್ದ ಲಿಂಗ. ಅದನ್ನಿಡುವ ಬೆಳ್ಳಿಯ ಕರಡಿಗೆಯಿರಲಿಲ್ಲ. ಬಟ್ಟೆಯಲ್ಲಿ ಸುತ್ತಿ, ಮೇಲೊಂದು ಗಂಟು ಹಾಕಿದ್ದಳು. ಹುಟ್ಟಿದ ಎಂಟನೆಯ ದಿನ ಕಟ್ಟಿದ್ದು, ಸಾಯುವವರೆಗೆ ಮೈಯಿಂದ ಅಗಲಿಸಬಾರದ್ದು.

“ಇದನ್ನೂ ತೆಗೀಬೇಕೇನೋ ತಮ್ಮ?”

ಜಂಬಪ್ಪ ಎದೆಯೊತ್ತುವ ಹಲಗೆಯನ್ನು ಒರೆಸತೊಡಗಿದ.

“ನೀನೂ ನಮ್ಮ ಪೈಕಿ ಹುಡುಗನ ಅಲ್ಲ?” ಎಂದಳು ಅವಳು. “ಈ ಮಿಷಿನ್ ಕೋಣ್ಯಾಗ ನಿಂದು ಎಲ್ಲಿ ಇಡ್ತೀಯಪ್ಪ ನೀನು?”

ಜಂಬಪ್ಪನದು ಮನೆಯ ದೇವರ ಗೂಡಿನಲ್ಲಿತ್ತು. ಬಳ್ಳಾರಿಯಲ್ಲಿ ಟೈಪು ಕಲಿಯಲು ಹೋದಾಗ ‘ಸುಧಾರಿಸಿದವ’ನಾಗಿ ಬಿಚ್ಚಿಟ್ಟದ್ದು; ತಾಯಿ ದಿನಾ ಅದಕ್ಕೆ ವಿಭೂತಿ ಹಚ್ಚಿ ದಿನಾ ಅವನಿಗೆ ಬೈಯುತ್ತಿದ್ದಳು. ಸುಧಾರಿಸಿದವನಿಗೆ ಆ ಮಾತನ್ನು ಈ ಹೆಂಗಸಿನ ಮುಂದೆ ಹೇಳುವ ಧೈರ್ಯವೊಂದು ಬಂದಿರಲಿಲ್ಲ.

“ನಾನು... ಹಿಂದಕ್ಕ ಸರಿಸ್ತೀನ್ರಿ,” ಎಂದ.

“ಹಿಂದಕ್ಕ?”

“ಹೂಂರಿ. ಬೆನ್ನಿನ ನಟ್ಟನಡುವಿಗೆ.”

ಹೇಳಿಬಿಟ್ಟ ಸುಳ್ಳಿಗೆ ಆಮೇಲೆ ಬುದ್ಧಿಯೂ ಸಾಥ್ ಕೊಟ್ಟಿತು. ಕಿರಣ ಬೆನ್ನಿನಿಂದ ಹೊಕ್ಕು ಎದೆಯಿಂದ ಹೊರಬಿದ್ದು ಫಿಲ್ಮಿಗೆ ಬಡಿಯುತ್ತದೆ, ನಡುವೆ ಏನಿದ್ದರೂ ಕಾಣುತ್ತದೆ ಎಂದು ಎಕ್ಸ್‌ರೇ ನೋಡಲು ಬಂದ ಊರಮಂದಿಗೆಲ್ಲ ಭಾಷಣ ಬಿಗಿಯುತ್ತಿದ್ದವನೇ ಅವನು. ಆದರೆ ಲಿಂಗ ಬೆನ್ನುಮೂಳೆಯ ಮೇಲೆ ಕೂತರೆ ಮೂಳೆಯ ನೆರಳಿನಲ್ಲಿ ಮರೆಯಾಗುತ್ತದೆ, ಡಾಕ್ಟರಿಗೂ ತಿಳಿಯದು, ದೇವರಿಗೂ ಬೇಸರವಾಗದು ಎಂದು ಲೆಕ್ಕ ಹಾಕಿದ. ನೀಲಗಂಗಮ್ಮ ಅವನು ಹೇಳಿದಂತೆ ಸರಿಸಿಕೊಂಡಳು. ಎದೆಯನ್ನು ಹಲಗೆಗೆ ಒತ್ತಿ ನಿಂತಳು. “ಭುಜ ಮುಂದಕ್ಕ ತರ್ರಿ,” ಎಂದ ಜಂಬಪ್ಪ. ತಂದಳು. ಭುಜ ಮುಂದೆ ಬಂದಾಗ ಬೆನ್ನಿನ ಮೇಲಿನ ದಾರ ಎಳೆದು ಲಿಂಗ ಬಲಕ್ಕೆ ಜಾರಿದ್ದನ್ನು ಅವನು ನೋಡಲಿಲ್ಲ. ಅವನು ಕಿಟಕಿಯಲ್ಲಿ ಕೆಂಪು ವಸ್ತ್ರ ಬೀಸುತ್ತಿದ್ದ.

ಕತ್ತಲ ಕೋಣೆಯ ಕೆಂಪು ದೀಪದಲ್ಲಿ ಫಿಲ್ಮು ತೊಳೆಯುವಾಗ ಮೊದಲು ಮೂಡಿದ್ದು ಪಕ್ಕೆಲುಬು, ಆಮೇಲೆ ಹೃದಯ, ಆಮೇಲೆ ಬಲಗಡೆ ಕೆಳಗೆ ಸಣ್ಣ ನಿಂಬೆಹಣ್ಣಿನಂಥ ಗುಂಡನೆಯ ಬಿಳುಪು. ಎಂಟು ತಿಂಗಳಲ್ಲಿ ಅಂಥದ್ದನ್ನು ಅವನು ಕಂಡಿರಲಿಲ್ಲ. ಒದ್ದೆ ಫಿಲ್ಮನ್ನೇ ಹಿಡಿದು ಓಡಿದ. “ಸರ್, ಸಿಕ್ತು! ರೋಗ ಸಿಕ್ತು!” ಎಂದು ವರಾಂಡದ ತುಂಬ ಕೂಗಿದ. ಆಚೆ ಮರುಳಸಿದ್ದಪ್ಪ ಎದ್ದು ನಿಂತು ಕೈಮುಗಿದ. ಆ ಕೈಮುಗಿದದ್ದು ನೆನಪಾದಾಗಲೆಲ್ಲ ಮುಂದೆ ಜಂಬಪ್ಪನಿಗೆ ನೆಲ ಬಿರಿಯಬಾರದೇ ಅನ್ನಿಸುತ್ತಿತ್ತು.

ಡಾಕ್ಟರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನೀಲಗಂಗಮ್ಮನನ್ನು ಕೇಳಿದರು: “ನಿಮ್ಮ ಮನೆಯಲ್ಲಿ ನಾಯಿ ಇದೆಯೇ? ಕುರಿ?”

“ನಾಯಿ ಎರಡು ಅದಾವ್ರಿ. ಕುರಿ ಹಟ್ಟಿ ತುಂಬ.”

ಡಾಕ್ಟರ ಕಣ್ಣು ಮಿಂಚಿದವು. ನಾಯಿಯ ಹೊಟ್ಟೆಯ ಹುಳುವಿನ ಮೊಟ್ಟೆ ನೀರಿನಲ್ಲೋ ಸೊಪ್ಪಿನಲ್ಲೋ ಮನುಷ್ಯನ ಒಡಲು ಸೇರಿ, ಶ್ವಾಸಕೋಶದಲ್ಲಿ ನೀರುಗುಳ್ಳೆ ಕಟ್ಟುವ ರೋಗವೊಂದಿದೆ. ಗುಂಡನೆಯ ಅಚ್ಚುಕಟ್ಟಾದ ನೆರಳು, ಕುರಿ, ನಾಯಿ, ಎಲ್ಲ ಕೂಡಿಬಂದಿತ್ತು. ಈ ಸೀಮೆಯಲ್ಲಿ ಯಾರೂ ಬರೆದಿರದ ಪ್ರಕರಣ. ಮದ್ರಾಸಿನ ವೈದ್ಯ ಪತ್ರಿಕೆಗೆ ಕಳಿಸಬಹುದು. ಗುಳ್ಳೆ ಒಡೆದರೆ ಜೀವಕ್ಕೆ ಅಪಾಯ, ಆದ್ದರಿಂದ ಮದ್ರಾಸಿನಲ್ಲಿ ಎದೆ ಕೊಯ್ದು ತೆಗೆಸಬೇಕು. ಅಲ್ಲಿನ ಸರ್ಜನರಿಗೆ ತಂತಿ ಹೋಯಿತು. ಗುರುವಾರದ ರೈಲಿಗೆ, ಗುಂತಕಲ್ಲಿನ ಮೇಲೆ, ಗಂಡಹೆಂಡಿರು ಹೊರಡುವುದೆಂದು ನಿಶ್ಚಯವಾಯಿತು.

ಮಂಗಳವಾರ ಡಾಕ್ಟರು ನಾಲ್ಕು ಹಾಳೆ ಕೈಬರಹ ಕೊಟ್ಟು ಟೈಪು ಮಾಡಲು ಹೇಳಿದರು. ಜಂಬಪ್ಪ ಇಂಗ್ಲಿಷಿನಲ್ಲಿ ಕುಟ್ಟುತ್ತ ಹೋದ: ಹಿಂದೂ ಹೆಂಗಸು, ವಯಸ್ಸು ನಲವತ್ತೆಂಟು, ರೈತಾಪಿ ಕುಟುಂಬ. ಹೆಸರಿಲ್ಲ, ಊರಿಲ್ಲ. ಬಲ ಶ್ವಾಸಕೋಶದ ಕೆಳಭಾಗದಲ್ಲಿ ಗುಂಡನೆಯ ನೆರಳು, ಅಂಚು ಸ್ಪಷ್ಟ. ‘ನೆರಳಿನ ಮೇಲ್ತುದಿಯಲ್ಲಿ ಸಣ್ಣ ಗಂಟಿನಂಥ ಮಬ್ಬು, ಇದರ ಅರ್ಥ ಸ್ಪಷ್ಟವಿಲ್ಲ.’

‘ಗಂಟು’ ಎಂಬಲ್ಲಿ ಅವನ ಬೆರಳು ನಿಂತಿತು.

ಗಂಟಿನ ಅರ್ಥ ಮದ್ರಾಸ್ ಪ್ರೆಸಿಡೆನ್ಸಿಯಲ್ಲೇ ಸ್ಪಷ್ಟವಾಗಿ ಗೊತ್ತಿದ್ದವನು ಅವನೊಬ್ಬನೇ. ಬಟ್ಟೆಯಲ್ಲಿ ಸುತ್ತಿ ಮೇಲೆ ಹಾಕಿದ ಗಂಟು. ಅವನು ಎದ್ದು ಫಿಲ್ಮನ್ನು ತಂದು ಬೆಳಕಿಗೆ ಹಿಡಿದ. ಒಮ್ಮೆ ತಿಳಿದ ಮೇಲೆ ಅದು ಲಿಂಗವಲ್ಲದೆ ಬೇರೇನೂ ಆಗಿ ಕಾಣಲಿಲ್ಲ. 

ಮೊದಲು ಅವನಿಗೆ ಹೊಳೆದದ್ದೆಲ್ಲ ಹೇಡಿಯ ಉಪಾಯಗಳೇ. ಡಾಕ್ಟರ ಕೋಣೆಗೆ ಹೋಗಿ, “ಸರ್, ಫಿಲ್ಮು ಅಷ್ಟು ಚಲೋ ಬಂದಿಲ್ರಿ. ಇನ್ನೊಂದು ತೆಗೆದ್ರ ಹೆಂಗ?” ಎಂದ.

“ನೀನು ತೆಗೆದದ್ದರಲ್ಲೇ ಇದು ಅತ್ಯುತ್ತಮ,” ಎಂದರು ಅವರು. “ಪತ್ರಿಕೆಯವರು ಅಚ್ಚು ಹಾಕುತ್ತಾರೆ. ಕೆಳಗೆ ನಿನ್ನ ಹೆಸರೂ ಬರೆಯುತ್ತೇನೆ.”

ಜೀವಮಾನದಲ್ಲಿ ಮೊದಲ ಸಲ ಒಬ್ಬರು ಅವನ ಕೆಲಸ ಹೊಗಳಿದ್ದರು. ಜಂಬಪ್ಪ “ಥ್ಯಾಂಕ್ಸ್ ಸರ್” ಎಂದು ಹೊರಗೆ ಬಂದ. ಎರಡನೆಯ ಉಪಾಯ ಇನ್ನೂ ಹೀನ: ಟೈಪು ಮುಗಿಸದೆ ತಡ ಮಾಡುವುದು. ಆದರೆ ರೈಲಿಗೂ ಅವನ ಟೈಪಿಗೂ ಸಂಬಂಧವಿರಲಿಲ್ಲ. ಕಾಗದ ನಿಂತರೂ ನೀಲಗಂಗಮ್ಮ ಗುರುವಾರ ಹೊರಡುವವಳೇ.

ವರಾಂಡದಲ್ಲಿ ಹೊನ್ನೂರಮ್ಮ ಬಟ್ಟೆಪಟ್ಟಿ ಸುತ್ತುತ್ತ ಕೂತಿದ್ದಳು. ಇವನ ಮುಖ ನೋಡಿ, “ಏನಲೇ ಜಂಬ್ಯಾ, ಹರಳೆಣ್ಣಿ ಕುಡದಂಗ ಆಗೀಯಲ್ಲ?” ಎಂದಳು.

ಅವನು ಎಲ್ಲವನ್ನೂ ಹೇಳಿದ. ಕೇಳುತ್ತ ಕೇಳುತ್ತ ಅವಳ ಕೈಯೊಳಗಿನ ಪಟ್ಟಿ ಬಿಚ್ಚಿ ನೆಲದ ಮೇಲೆ ಉರುಳಿತು.

“ಹೇಳಿದ್ರ ನನ್ನ ಕೆಲಸ ಹೋಗ್ತೈತಿ ಹೊನ್ನೂರಕ್ಕ. ಇದು ಮೂರನೇದು.”

“ಹೋಗ್ಲಿ. ನಾಕನೇದು ಹುಡುಕ್ಕೋ. ನಿನಗ ಅದು ರೂಢಿ ಐತಿ. ಆಕಿ ಎದಿ ಕೊಯ್ದು ಒಳಗ ಏನೂ ಇಲ್ಲ ಅಂದ್ರ, ಮತ್ತೊಂದು ಎದಿ ಎಲ್ಲಿ ಹುಡುಕ್ತೀ?” ಉರುಳಿದ ಪಟ್ಟಿಯನ್ನು ಅವನ ಕೈಗೆ ತುರುಕಿದಳು. “ಇದನ್ನ ಸುತ್ತಿಕೊಡು ಮೊದಲ. ಹೆದರಿಕಿ ಇಳೀತೈತಿ. ಆಮ್ಯಾಲ ಹೋಗಿ ಹೇಳು.”

ಪಟ್ಟಿ ಸುತ್ತಿದ. ಹೆದರಿಕೆ ಇಳಿಯಲಿಲ್ಲ. ಆದರೂ ಹೋದ.

ಡಾಕ್ಟರು ಕೂತೇ ಕೇಳಿದರು. ಹಿಂದಕ್ಕೆ ಸರಿಸೆಂದು ತಾನೇ ಹೇಳಿದ್ದು, ಯಾಕೆ ಹೇಳಿದ್ದು, ತನ್ನ ಕೊರಳಿನಲ್ಲಿ ಲಿಂಗವಿಲ್ಲದ್ದು, ಗಂಟು, ಏನನ್ನೂ ಅವನು ಬಿಡಲಿಲ್ಲ. ಬಾಯಿ ಜೋರಿದ್ದದ್ದು ಆವೊತ್ತು ಒಂದು ದಿನ ಉಪಯೋಗಕ್ಕೆ ಬಂತು. ಮುಗಿದ ಮೇಲೆ ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಟೈಪಾದ ಮೂರು ಹಾಳೆ ಮೇಜಿನ ಮೇಲಿದ್ದವು. ಅವುಗಳ ಕಡೆ ನೋಡಲಿಲ್ಲ.

“ನಡಿ,” ಎಂದು ಎದ್ದರು.

ವಾರ್ಡಿನಲ್ಲಿ ನೀಲಗಂಗಮ್ಮ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಮರುಳಸಿದ್ದಪ್ಪ ಮದ್ರಾಸಿಗೆಂದು ರೊಟ್ಟಿಯ ಗಂಟು ಕಟ್ಟುತ್ತಿದ್ದ. ಡಾಕ್ಟರು ಮೆಲ್ಲಗೆ ಕೇಳಿದರು: “ತಾಯಿ, ಚಿತ್ರ ತೆಗೆಯುವಾಗ ನಿಮ್ಮ ಲಿಂಗ ಎಲ್ಲಿತ್ತು?”

ಅವಳು ಡಾಕ್ಟರ ಮುಖ ನೋಡಿದಳು. ಅವರ ಹಿಂದೆ ಬಾಗಿಲಿಗೆ ಅಂಟಿಕೊಂಡಿದ್ದ ಜಂಬಪ್ಪನ ಮುಖ ನೋಡಿದಳು.

“ಬೆನ್ನಿಗೆ ಇತ್ರಿ. ನಾನಾ ಸರಿಸಿಕೊಂಡಿದ್ದೆ.”

“ಹಾಗೆ ಮಾಡಿರೆಂದು ಯಾರು ಹೇಳಿದರು?”

“ಯಾರ್ ಹೇಳ್ತಾರ್ರಿ? ಆ ಹುಡುಗ ಪಾಪ, ತೆಗೀರಿ ಅಂದ. ನಾನಾ ತೆಗೀಲಿಲ್ಲ. ಅವ ವಸ್ತ್ರ ಬೀಸಾಕ ಆ ಕಡಿ ತಿರುಗಿದಾಗ ಹಿಂದಕ್ಕ ತಳ್ಳಿಕೊಂಡೆ. ತಪ್ಪು ನಂದರಿ.”

 ಡಾಕ್ಟರು ತಿರುಗಿ ಜಂಬಪ್ಪನನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು.

“ನಾನು ಇಪ್ಪತ್ತು ವರ್ಷದಿಂದ ಆಸ್ಪತ್ರೆಗಳಲ್ಲಿದ್ದೇನೆ,” ಎಂದರು. “ಒಂದು ತಪ್ಪಿಗೆ ಒಬ್ಬ ವಾರಸುದಾರ ಸಿಕ್ಕಿದ್ದನ್ನೂ ಕಂಡಿಲ್ಲ. ಈ ತಪ್ಪಿಗೆ ಇಬ್ಬರು.”

 ತಾಯಿಯನ್ನು ಬಿಟ್ಟು ಜಂಬಪ್ಪನಿಗಾಗಿ ಇಲ್ಲಿಯವರೆಗೆ ಯಾರೂ ಸುಳ್ಳು ಹೇಳಿರಲಿಲ್ಲ. ತಾಯಿಯೂ ಇಷ್ಟು ಚೆಂದಾಗಿ ಹೇಳಿರಲಿಲ್ಲ.

ಡಾಕ್ಟರು ಎಲ್ಲವನ್ನೂ ಗಂಡಹೆಂಡಿರಿಗೆ ಬಿಡಿಸಿ ಹೇಳಿದರು: ಎದೆಯೊಳಗೆ ಕಂಡದ್ದು ಒಳಗಿನದಲ್ಲದಿರಬಹುದು, ಇನ್ನೊಂದು ಚಿತ್ರ ಬೇಕು, ಈ ಸಲ ಲಿಂಗವನ್ನು ಹಿಂದೆಮುಂದೆ ಎಲ್ಲೂ ಇಟ್ಟುಕೊಳ್ಳಬಾರದು. “ಅಗಲಿಸಬಾರದೆಂದು ತಿಳಿದಿದ್ದೇನೆ. ಏನು ಮಾಡೋಣ ಹೇಳಿ?”

“ಅಷ್ಟ ಏನ್ರಿ?” ಎಂದಳು ನೀಲಗಂಗಮ್ಮ. “ದಿನಾ ಪೂಜಿ ಮಾಡುವಾಗ ಎಡಗೈ ಅಂಗೈಯಾಗ ಇರ್ತೈತಲ್ರಿ. ಅಂಗೈಯಾಗ ಹಿಡ್ಕೊಂಡ್ರ ಅಗಲಿದಂಗ ಹೆಂಗಾಗ್ತೈತಿ? ಕೈ ದೂರ ಚಾಚಿ ನಿಲ್ತೀನಿ. ಮೊದಲ ಕೇಳಿದ್ರ ಮೊದಲ ಹೇಳ್ತಿದ್ದೆ.”

ದಿನಾ ಪೂಜೆ ಮಾಡುವ ಮನೆಯಲ್ಲಿ ಹುಟ್ಟಿ ಬೆಳೆದು, ತಂದೆ ಎಡಗೈ ಅಂಗೈಯ ಮೇಲೆ ಕಣ್ಣಿಟ್ಟು ಕೂತದ್ದನ್ನು ಸಾವಿರ ಸಲ ಕಂಡು, ಜಂಬಪ್ಪನಿಗೆ ಹೊಳೆಯದೆ ಹೋದದ್ದು ಅದು. ಸುಧಾರಿಸಿದವರಿಗೆ ಇಂಥ ಸಣ್ಣ ವಿಷಯಗಳು ಹೊಳೆಯುವುದಿಲ್ಲ.

ಎರಡನೆಯ ಚಿತ್ರಕ್ಕೆ ಡಾಕ್ಟರೂ ಬಂದು ನಿಂತರು. ನೀಲಗಂಗಮ್ಮ ಎದೆಯನ್ನು ಹಲಗೆಗೆ ಒತ್ತಿ, ಎಡಗೈಯನ್ನು ಬದಿಗೆ ಚಾಚಿ, ಅಂಗೈಯ ಮೇಲೆ ಲಿಂಗವಿಟ್ಟುಕೊಂಡು ನಿಂತಳು. ಕೆಮ್ಮು ಬರದಂತೆ ತುಟಿ ಕಚ್ಚಿಕೊಂಡಿದ್ದಳು. ಜಂಬಪ್ಪ ವಸ್ತ್ರ ಬೀಸಿದ. ಆಚೆ ಭತ್ತದ ಬಡಿತ ನಿಂತಿತು. ಕತ್ತಲ ಕೋಣೆಯಲ್ಲಿ ಡಾಕ್ಟರೂ ಅವನೂ ಒಂದೇ ತೊಟ್ಟಿಯ ಮೇಲೆ ಬಗ್ಗಿದರು. ಪಕ್ಕೆಲುಬು ಮೂಡಿತು, ಹೃದಯ ಮೂಡಿತು. ಬಲಗಡೆ ಕೆಳಗೆ ಹೊಗೆ ಸುಳಿದಂಥ ತೆಳು ಮಬ್ಬೊಂದು ಮೂಡಿತು. ನಿಂಬೆಹಣ್ಣು ಮೂಡಲಿಲ್ಲ. ಎಷ್ಟು ಕಾದರೂ ಮೂಡಲಿಲ್ಲ.

“ಹಳೆಯ ನ್ಯುಮೋನಿಯಾ. ಪೂರ್ತಿ ಕರಗಿಲ್ಲ, ಕರಗುತ್ತಿದೆ,” ಎಂದರು ಡಾಕ್ಟರು ಕತ್ತಲಲ್ಲಿ. ಆಮೇಲೆ ಉಸಿರು ಬಿಟ್ಟರು. ಒಂದು ಅಪರೂಪದ ಪ್ರಕರಣ ಕೈತಪ್ಪಿ ಹೋದ ವೈದ್ಯನ ಉಸಿರೋ, ಒಬ್ಬ ಹೆಂಗಸಿನ ಎದೆಯನ್ನು ಸುಮ್ಮನೆ ಕೊಯ್ಯಿಸಲಿದ್ದವನ ಉಸಿರೋ ಜಂಬಪ್ಪನಿಗೆ ಗೊತ್ತಾಗಲಿಲ್ಲ. “ತಂತಿ ಕೊಡಬೇಕು. ಆಮೇಲೆ, ಆ ಮೂರು ಹಾಳೆ ಹರಿದುಹಾಕು. ಹೊಸದು ಬರೆಯೋಣ.”

“ಸರ್, ನನ್ನ ಕೆಲಸ?”

“ಹೊಸದನ್ನು ಯಾರು ಟೈಪು ಮಾಡುತ್ತಾರೆ ಮತ್ತೆ?”

ಹಾಲು, ಗಂಜಿ, ವಿಶ್ರಾಂತಿ, ಒಂದು ಕಹಿ ಔಷಧ, ಇಷ್ಟರಲ್ಲಿ ನೀಲಗಂಗಮ್ಮ ಐದು ವಾರಕ್ಕೆ ಚೇತರಿಸಿಕೊಂಡಳು. ಆ ಐದು ವಾರವೂ ಜಂಬಪ್ಪ ಏನಾದರೂ ನೆವ ತೆಗೆದು ವಾರ್ಡಿನ ಕಡೆ ಹೋಗುತ್ತಿದ್ದ. ಒಂದು ದಿನ ಧೈರ್ಯ ಮಾಡಿ ಕೇಳಿದ: “ಅವತ್ತು ಯಾಕ ಹಂಗ ಹೇಳಿದ್ರಿ ಯವ್ವಾ? ನಾನು ಡಾಕ್ಟ್ರ ಮುಂದ ಎಲ್ಲಾ ಹೇಳಿಬಿಟ್ಟಿದ್ದೆ.”

“ನೀ ಹೇಳೀದಿ ಅಂತ ನನಗೇನ್ ಗೊತ್ತು? ಮಾರಿ ನೋಡಿದ್ರ ಗಲ್ಲಿಗೇರಿಸೋ ಕಳ್ಳನಂಗ ನಿಂತಿದ್ದಿ.”

“ನನ್ನ ಕೊಳ್ಳಾಗ ಲಿಂಗ ಇರಲಿಲ್ರಿ. ಸುಳ್ಳು ಹೇಳಿದ್ದೆ.”

“ಅದು ಅವತ್ತ ಗೊತ್ತಿತ್ತು ಬಿಡು. ಹರಕು ತೆಳ್ಳನ ಅಂಗಿ ಹಾಕ್ಕೊಂಡಿದ್ದಿ. ನಿಮ್ಮ ಮಿಷಿನ್ನಿಗೆ ಗಿರಣಿ ನಿಲ್ಲಸಬೇಕು. ನನ್ನ ಕಣ್ಣಿಗೆ ಅದೂ ಬ್ಯಾಡ.”

“ಹಂಗಾರ ನನ್ನ ಮಾತು ಯಾಕ ಕೇಳಿದ್ರಿ?”

 “ಸುಳ್ಳು ಹೇಳುವಾಗ ಭಾಳ ನಾಚಿಕೊಂಡಿದ್ದಿ. ನಾಚಿಕಿ ಇದ್ದವ ನನಗ ಕೆಟ್ಟದ್ದು ಮಾಡಂಗಿಲ್ಲ ಅಂದ್ಕೊಂಡೆ.” ಆಮೇಲೆ ನಕ್ಕಳು. “ಮಾಡಿದಿ. ಆದ್ರ ತಿದ್ದಿಕೊಂಡಿ.”

ಹೊಸ ವರದಿಗೆ ಡಾಕ್ಟರು ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟರು. ಕೊರಳ ದೇವರನ್ನು ಬಿಡದ ಜನರ ಎದೆಯ ಚಿತ್ರ ತೆಗೆಯುವಾಗ ಹೇಗೆ ಮೋಸಹೋಗಬಹುದು, ಅಂಗೈಯಲ್ಲಿ ಹಿಡಿಸಿದರೆ ಹೇಗೆ ಸುಲಭ, ತಾನು ಎಡವಿ ಅನಾಹುತಕ್ಕೆ ಎಷ್ಟು ಹತ್ತಿರ ಹೋಗಿದ್ದೆ ಎಂದು ತಮ್ಮನ್ನೇ ಮುಂದಿಟ್ಟು ಬರೆದರು. ಸಹಾಯಕನ ತಪ್ಪು ಎಂಬ ಮಾತು ಎಲ್ಲಿಯೂ ಬರಲಿಲ್ಲ. ಟೈಪು ಮಾಡುತ್ತ ಜಂಬಪ್ಪ ಅದಕ್ಕಾಗಿ ಎರಡು ಸಲ ಹುಡುಕಿದ. ಕೊನೆಯಲ್ಲಿ ಕೃತಜ್ಞತೆ ಹೇಳುವ ಸಾಲುಗಳಿದ್ದವು: ಆಸ್ಪತ್ರೆಯ ಧರ್ಮದರ್ಶಿಗಳಿಗೆ, ಗಿರಣಿಯವರಿಗೆ. ಅದರ ಕೆಳಗೆ ಅವನು ತನ್ನ ಜವಾಬ್ದಾರಿಯ ಮೇಲೆ ಒಂದು ಸಾಲು ಕುಟ್ಟಿದ: ಪಾಪಿನಾಯಕನಹಳ್ಳಿಯ ನೀಲಗಂಗಮ್ಮನವರಿಗೆ, ಅಂಗೈಯ ಉಪಾಯಕ್ಕಾಗಿಯೂ ಇತರ ಉಪಕಾರಗಳಿಗಾಗಿಯೂ.

ಡಾಕ್ಟರು ಓದಿ ಹೆಸರಿನ ಮೇಲೆ ಪೆನ್ಸಿಲಿನಿಂದ ಗೀಟು ಎಳೆದರು. “ರೋಗಿಯ ಹೆಸರು ಅಚ್ಚು ಮಾಡುವಂತಿಲ್ಲ. ಅದು ನಿಯಮ.” ಆಮೇಲೆ, “ಇತರ ಉಪಕಾರ ಎಂದರೆ?” ಎಂದು ಕೇಳಿದರು.

“ಸುಳ್ಳು ಹೇಳಿದ್ದು, ಸರ್.”

ಡಾಕ್ಟರು ಅದಕ್ಕೂ ಗೀಟು ಎಳೆದರು, ಆದರೆ ನಗುತ್ತ.

ಮರುವರ್ಷ ಪತ್ರಿಕೆ ಅಂಚೆಯಲ್ಲಿ ಬಂದಾಗ ಜಂಬಪ್ಪ ಒಂದು ಭಾನುವಾರ ಅದನ್ನು ಬಗಲಲ್ಲಿಟ್ಟುಕೊಂಡು ಪಾಪಿನಾಯಕನಹಳ್ಳಿಗೆ ನಡೆದ. ನೀಲಗಂಗಮ್ಮ ಹಟ್ಟಿಯ ಮುಂದೆ ಶೇಂಗಾ ಬಿಡಿಸುತ್ತಿದ್ದಳು. ಮೈ ತುಂಬಿಕೊಂಡಿತ್ತು, ಕೆಮ್ಮಿನ ಸುಳಿವಿರಲಿಲ್ಲ. ಆ ಎರಡು ನಾಯಿಗಳು ಅವನನ್ನು ಕಂಡು ಬೊಗಳಿದವು. ತಮ್ಮ ಮೇಲೆ ಹೊರಿಸಿದ್ದ ಆರೋಪ ಅವಕ್ಕೂ ತಿಳಿದಿತ್ತೇನೋ. ಮರುಳಸಿದ್ದಪ್ಪ ಕೂರಲು ಹೊರಸು ಹಾಕಿದ. ಜಂಬಪ್ಪ ಪತ್ರಿಕೆ ಬಿಚ್ಚಿ ಎರಡು ಚಿತ್ರ ತೋರಿಸಿದ. ಇಂಗ್ಲಿಷನ್ನು ಒಂದೊಂದೇ ಸಾಲು ಕನ್ನಡ ಮಾಡಿ ಓದಿದ.

ಅವಳು ಮೊದಲ ಚಿತ್ರದ ಬಿಳಿ ಗುಂಡನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಕೇಳಿದಳು: “ಇದರಾಗ ನನ್ನ ಹೆಸರು ಎಲ್ಲೈತಿ?”

“ಇಲ್ರಿ. ಹಿಂದೂ ಹೆಂಗಸು, ನಲವತ್ತೆಂಟು ವರ್ಷ ಅಂತ ಐತಿ. ರೋಗಿ ಹೆಸರು ಹಾಕಂಗಿಲ್ಲಂತ. ನಾನು ಹಾಕಿದ್ದೆ, ಹೊಡೆದುಬಿಟ್ರು.”

“ನಿನ್ನ ಹೆಸರು?”

“ಅದೂ ಇಲ್ರಿ. ತಪ್ಪೆಲ್ಲ ಡಾಕ್ಟ್ರು ತಮ್ಮ ಮ್ಯಾಲ ಹಾಕ್ಕೊಂಡಾರ.”

“ಹಂಗಾರ ಇಬ್ಬರೂ ಉಳಕೊಂಡ್ವಿ,” ಎಂದು ನೀಲಗಂಗಮ್ಮ ಶೇಂಗಾದ ಮೊರ ಪಕ್ಕಕ್ಕಿಟ್ಟು ಎದ್ದಳು. “ಕೈಕಾಲು ತೊಳಕೋ ಏಳು. ರೊಟ್ಟಿ ಬಿಸಿ ಅದಾವ.”